ಹಳೆಯ ಸಿನಿಮಾ, ಹೊಸ ಡಿಸ್ಕು: ಬ್ಲೂ-ರೇ ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ

ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಾಗಲಿ ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಾಗಲಿ ಹಳೆಯ ಸಿನಿಮಾದ ಮಾತು ಬಂದಾಗಲೆಲ್ಲ ಓದುಗರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು. ಹಳೆಯ ಚಿತ್ರಗಳು ಈಗ ಬ್ಲೂ-ರೇ ಎಂಬ ಹೈ-ಡೆಫಿನಿಷನ್ ಡಿಸ್ಕಿನಲ್ಲಿ ಬರುತ್ತಿವೆಯಂತೆ; ಅವನ್ನು ಅಮೆರಿಕದಲ್ಲಿರುವ ಮಗನಿಂದಲೋ ಲಂಡನ್ನಿನಲ್ಲಿರುವ ತಂಗಿಯಿಂದಲೋ ತರಿಸಬಹುದೆ, ನಮ್ಮ ಮನೆಯ ಟಿವಿಯಲ್ಲಿ ಅವು ಓಡುತ್ತವೆಯೆ, ಕಪಾಟಿನಲ್ಲಿ ಡಿವಿಡಿ ಇರುವಾಗ ಅದೇ ಚಿತ್ರಕ್ಕೆ ಮತ್ತೊಮ್ಮೆ ದುಡ್ಡು ಕೊಡಬೇಕೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಕ್ರಮವಾಗಿ ಬರೆದಿಡುವುದು ಮೇಲೆಂದು ಈ ಲೇಖನ.

ಮೊದಲು ಎರಡು ಅಂಕಿಗಳನ್ನು ಗಮನಿಸಿ. ನಮ್ಮಲ್ಲಿ ಚಾಲ್ತಿಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಿರುತ್ತವೆ, ಅಂದರೆ ಒಟ್ಟು ಸುಮಾರು 4.15 ಲಕ್ಷ. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಇದು 1920 ಮತ್ತು 1080, ಒಟ್ಟು ಸುಮಾರು 20.7 ಲಕ್ಷ, ಸರಿಯಾಗಿ ಐದು ಪಟ್ಟು. ಆದರೆ ಡಿಸ್ಕಿನಲ್ಲಿ ಐದು ಪಟ್ಟು ಜಾಗವಿದೆ ಎಂದ ಮಾತ್ರಕ್ಕೆ ಅದರಲ್ಲಿ ಐದು ಪಟ್ಟು ಚಿತ್ರವಿದೆ ಎಂದು ಹೇಳಲಾಗದು. ದೊಡ್ಡ ಪಾತ್ರೆಯಲ್ಲಿ ಸಣ್ಣ ಲೋಟದ ಹಾಲನ್ನೇ ಸುರಿದು ಕೊಡುವವರು ಈ ವ್ಯಾಪಾರದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದುದರಿಂದ ಪ್ಲೇಯರಿನ ವಿಚಾರಕ್ಕಿಂತ ಮೊದಲು ಚಿತ್ರದ ಮೂಲದ ವಿಚಾರ.

1. ಡಿಸ್ಕು ಯಾವ ಮೂಲದಿಂದ ತಯಾರಾಗಿದೆ ಎಂದು ಕೇಳಿ

ಸಿನಿಮಾ ಚಿತ್ರೀಕರಣವಾದಾಗ ಕ್ಯಾಮೆರಾದೊಳಗೆ ಓಡಿದ ಫಿಲ್ಮಿಗೆ ಮೂಲ ನೆಗೆಟಿವ್ ಎಂದು ಹೆಸರು. ಅದರಿಂದ ಮಾಸ್ಟರ್ ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ಚಿತ್ರಮಂದಿರಕ್ಕೆ ಹೋಗುವ ಪ್ರಿಂಟ್ ಎಂಬ ಕ್ರಮದಲ್ಲಿ ಪ್ರತಿಗಳು ಇಳಿದು ಬರುತ್ತವೆ. ಫೋರ್ಟಿನ ಕಚೇರಿಗಳಲ್ಲಿ ಟೈಪ್‌ರೈಟರ್ ಬಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನಾಲ್ಕನೆಯ ಕಾರ್ಬನ್ ಪ್ರತಿಯಲ್ಲಿ ಅಕ್ಷರ ಹೇಗೆ ಮಸುಕಾಗುತ್ತದೆಯೋ ಹಾಗೆ ಇಲ್ಲಿಯೂ ಪ್ರತಿ ಹಂತದಲ್ಲಿ ಸೂಕ್ಷ್ಮ ವಿವರ ಸೋರಿಹೋಗುತ್ತದೆ. 35 ಎಂಎಂ ಮೂಲ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಬ್ಲೂ-ರೇ ಹಿಡಿಯುವುದಕ್ಕಿಂತ ಹೆಚ್ಚಿನ ವಿವರ ಅದರಲ್ಲಿರುತ್ತದೆ. ನೂರಾರು ಸಲ ಓಡಿ ಸವೆದ ಪ್ರಿಂಟಿನಲ್ಲಿ ಅಷ್ಟು ಇರುವುದಿಲ್ಲ. ಎಪ್ಪತ್ತು ವರ್ಷದ ಹಿಂದಿನ ಕಪ್ಪು-ಬಿಳುಪು ಚಿತ್ರವೊಂದು ಕೆಲವೊಮ್ಮೆ ತೊಂಬತ್ತರ ದಶಕದ ಬಣ್ಣದ ಚಿತ್ರಕ್ಕಿಂತ ನಿಚ್ಚಳವಾಗಿ ಕಾಣುವುದು ಇದೇ ಕಾರಣಕ್ಕೆ.

ಮೂಲ ಹಾಳಾದರೂ ಎಲ್ಲವೂ ಮುಗಿಯಿತೆಂದಲ್ಲ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಯಲ್ಲಿ ಬೆಂದವು. ಉಳಿದ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಸಂಗ್ರಹಾಲಯ ಕಾಪಾಡಿತು. ಇಟಲಿಯ ಬೊಲೋನ್ಯಾ ನಗರದ ಲ್ಯಾಬಿನಲ್ಲಿ ಅವುಗಳನ್ನು ಮೆತ್ತಗಾಗಿಸಿ, ಸ್ಕ್ಯಾನ್ ಮಾಡಿ, ಸುಟ್ಟುಹೋದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಕ್ರೈಟೀರಿಯನ್ ಸಂಸ್ಥೆ ಬ್ಲೂ-ರೇ ತಂದಿತು. ಆ ಡಿಸ್ಕಿನ ಜೊತೆಗೆ ಈ ಕೆಲಸದ ವಿವರವೂ ಬಂದಿತ್ತು. ಒಳ್ಳೆಯ ಪ್ರಕಾಶಕರ ಗುರುತು ಅದೇ: ಯಾವ ಫಿಲ್ಮಿನಿಂದ, ಯಾವ ಅಳತೆಯ ಸ್ಕ್ಯಾನಿನಿಂದ, ಯಾರು ಮಾಡಿದರು ಎಂಬುದನ್ನು ಪೆಟ್ಟಿಗೆಯ ಹಿಂಬದಿಯಲ್ಲೋ ಒಳಗಿನ ಪುಸ್ತಿಕೆಯಲ್ಲೋ ಅವರು ಮುದ್ರಿಸುತ್ತಾರೆ. ‘ಡಿಜಿಟಲ್ ರಿಮಾಸ್ಟರ್ಡ್’ ಎಂಬ ಎರಡೇ ಶಬ್ದ ಬರೆದು ಸುಮ್ಮನಾದ ಪೆಟ್ಟಿಗೆಯನ್ನು ಅನುಮಾನದಿಂದಲೇ ನೋಡಿ, ಏಕೆಂದರೆ ಆ ಶಬ್ದಗಳಿಗೆ ಯಾವ ನಿಯಮದ ಕಟ್ಟುಪಾಡೂ ಇಲ್ಲ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಒಂದು, ಚಿತ್ರ ಪುನರುದ್ಧಾರವಾಯಿತು ಎಂಬ ಸುದ್ದಿಯನ್ನು ಡಿಸ್ಕು ಬಂತೆಂದು ತಿಳಿಯುವುದು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ 4ಕೆ (ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆಗಳ) ಪುನರುದ್ಧಾರವು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಸುದ್ದಿ ಬಂದ ವಾರವೇ ಅದರ ಡಿಸ್ಕು ಎಲ್ಲಿ ಸಿಗುತ್ತದೆ ಎಂದು ಹಲವರು ಕೇಳಿದರು. ಆ ಕೆಲಸದ ಹಿಂದೆ ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತ್ತು. ಹೀಗಾಗಿ ಇಲ್ಲಿನ ಕನ್ನಡಿಗರಿಗೆ ಅದರಲ್ಲಿ ತುಸು ಹೆಚ್ಚಿನ ಆಸಕ್ತಿ ಇದ್ದುದು ಸಹಜ. ಆದರೆ ಪುನರುದ್ಧಾರವಾದ ಚಿತ್ರ ಮೊದಲು ಉತ್ಸವಗಳಿಗೆ, ಆಮೇಲೆ ಕೆಲವೊಮ್ಮೆ ಚಿತ್ರಮಂದಿರಕ್ಕೆ ಹೋಗುತ್ತದೆ. ಹಕ್ಕುದಾರರು ಒಪ್ಪಿ, ಪ್ರಕಾಶಕರೊಬ್ಬರು ಮುಂದೆ ಬಂದರೆ ಮಾತ್ರ ಡಿಸ್ಕು. ಸುದ್ದಿ ಕೇಳಿದೊಡನೆ ‘ಈಗಲೇ ಲಭ್ಯ’ ಎನ್ನುವ ಮಾರಾಟಗಾರ ಸಿಕ್ಕರೆ, ಅವನು ಮಾರುತ್ತಿರುವುದು ಬೇರೆ ಯಾವುದೋ ಪ್ರತಿ ಎಂದು ತಿಳಿಯಿರಿ.

ಎರಡು, ‘4ಕೆ ಪುನರುದ್ಧಾರ’ ಎಂಬ ಬರಹವನ್ನು ‘4ಕೆ ಡಿಸ್ಕು’ ಎಂದು ಓದಿಕೊಳ್ಳುವುದು. ಫಿಲ್ಮನ್ನು 4ಕೆ ಅಳತೆಯಲ್ಲಿ ಸ್ಕ್ಯಾನ್ ಮಾಡಿ, ಅದನ್ನು ಇಳಿಸಿ ಸಾಮಾನ್ಯ ಬ್ಲೂ-ರೇಗೆ ಹಾಕಿರುತ್ತಾರೆ. ಅದನ್ನು ನೋಡಲು 4ಕೆ ಪ್ಲೇಯರ್ ಬೇಕಾಗಿಲ್ಲ. ನಿಜವಾದ 4ಕೆ ಡಿಸ್ಕಿನ ಪೆಟ್ಟಿಗೆ ಸಾಮಾನ್ಯವಾಗಿ ಕಪ್ಪು, ಅದರ ಮೇಲೆ ‘ಅಲ್ಟ್ರಾ ಎಚ್‌ಡಿ’ ಎಂದು ಬರೆದಿರುತ್ತದೆ. ಬ್ಲೂ-ರೇ ಪೆಟ್ಟಿಗೆ ಹೆಚ್ಚಾಗಿ ನೀಲಿ ಅಥವಾ ಪಾರದರ್ಶಕ.

ಮೂರು, ಕಣಗಳನ್ನು ಕೊಳೆ ಎಂದು ಭಾವಿಸುವುದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೆಂದರೆ ಬೆಳ್ಳಿಯ ಕಣಗಳ ಗುಂಪೇ. ಪರದೆಯ ಮೇಲೆ ಸಣ್ಣಗೆ ಮಿಡುಕುವ ಆ ಮರಳಿನಂಥ ಹರಹಿಗೆ ಗ್ರೇನ್ ಎನ್ನುತ್ತಾರೆ. ಅದನ್ನು ಕಂಪ್ಯೂಟರಿನಿಂದ ಉಜ್ಜಿ ತೆಗೆದರೆ ಅದರ ಜೊತೆಗೆ ಚರ್ಮದ ನೆರಿಗೆ, ಸೀರೆಯ ನೇಯ್ಗೆ, ಕೂದಲಿನ ಎಳೆ ಎಲ್ಲವೂ ಹೋಗಿ ನಟನಟಿಯರ ಮುಖ ಮೇಣದ ಗೊಂಬೆಯಂತೆ ಆಗುತ್ತದೆ. ನುಣುಪಾಗಿ ಕಂಡಷ್ಟೂ ಒಳ್ಳೆಯ ಪ್ರತಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗೀರು, ಹಾರಾಟ, ಕಲೆ ಹೋಗಲಿ, ಕಣ ಉಳಿಯಲಿ.

ಬಣ್ಣ ಹಚ್ಚಿದ ಪ್ರತಿಗಳ ವಿಷಯವೂ ಇಲ್ಲಿಗೇ ಸೇರುತ್ತದೆ. ಕನ್ನಡದಲ್ಲಿ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಪಡೆದು ಮತ್ತೆ ತೆರೆಗೆ ಬಂದವು, ಜನ ಸಂತೋಷದಿಂದ ನೋಡಿದರು. ಅದು ತಪ್ಪಲ್ಲ. ಆದರೆ ಛಾಯಾಗ್ರಾಹಕ ಬೆಳಕು ಹಾಕಿದ್ದು ಕಪ್ಪು-ಬಿಳುಪಿಗೆಂದೇ ಆದುದರಿಂದ, ಸಂಗ್ರಹಕ್ಕಾಗಿ ಕೊಳ್ಳುವವರು ಮೂಲ ರೂಪವೂ ಡಿಸ್ಕಿನಲ್ಲಿದೆಯೆ ಎಂದು ನೋಡಿಕೊಳ್ಳಬೇಕು.

2. ಚೌಕಟ್ಟು ಮತ್ತು ಉದ್ದವನ್ನು ಅಳೆಯಿರಿ

ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನು ಪೆಟ್ಟಿಗೆಯ ಹಿಂಬದಿಯಲ್ಲಿ 1.37:1, 1.85:1, 2.35:1 ಎಂದು ಮುದ್ರಿಸಿರುತ್ತಾರೆ. 1953ರಲ್ಲಿ ಸಿನಿಮಾಸ್ಕೋಪ್ ಬರುವ ಮೊದಲು ಮಾತಿನ ಚಿತ್ರಗಳ ಚೌಕಟ್ಟು ಬಹುತೇಕ 1.37, ಭಾರತದಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರ ಬಂದದ್ದು 1959ರಲ್ಲಿ, ಕನ್ನಡದಲ್ಲಿ ಅದಕ್ಕೂ ಎಷ್ಟೋ ವರ್ಷದ ಮೇಲೆ. ಈಗಿನ ಟಿವಿಯ ಅನುಪಾತ 1.78. ಹೀಗಿರುವಾಗ ಐವತ್ತರ ದಶಕದ ಕನ್ನಡ ಚಿತ್ರವೊಂದು ನಿಮ್ಮ ಟಿವಿಯನ್ನು ಅಂಚಿನಿಂದ ಅಂಚಿಗೆ ತುಂಬಿದರೆ ಏನೋ ತಪ್ಪಾಗಿದೆ ಎಂದೇ ಅರ್ಥ: ಒಂದೋ ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದಾರೆ, ಇಲ್ಲವೆ ಮೇಲೆ ಕೆಳಗೆ ಕತ್ತರಿಸಿದ್ದಾರೆ. ಹಾಗೆ ಕತ್ತರಿಸಿದಾಗ ಹೋಗುವುದು ಹೆಚ್ಚುಕಡಿಮೆ ಕಾಲು ಭಾಗದ ಚಿತ್ರ. ನೃತ್ಯದ ದೃಶ್ಯವಾದರೆ ಪಾದಗಳೇ ಕಾಣುವುದಿಲ್ಲ. ಎಡಬಲದ ಕಪ್ಪು ಪಟ್ಟಿಗಳು ದೋಷವಲ್ಲ. ಅವಿದ್ದರೆ ನಿಮಗೆ ಇಡೀ ಚಿತ್ರ ಸಿಕ್ಕಿದೆ ಎಂದು ನೆಮ್ಮದಿಯಿಂದಿರಿ.

ಉದ್ದದ ಲೆಕ್ಕಕ್ಕೆ ನಮ್ಮ ಚಿತ್ರಗಳಲ್ಲಿ ಒಂದು ಅನುಕೂಲವಿದೆ. ಆರಂಭದಲ್ಲಿ ತೋರಿಸುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದವನ್ನು ಹಳೆಯದರಲ್ಲಿ ಅಡಿಗಳಲ್ಲಿ, ನಂತರದವುಗಳಲ್ಲಿ ಮೀಟರುಗಳಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಪ್ರಮಾಣಪತ್ರದಲ್ಲಿ 13,500 ಅಡಿ ಎಂದಿದ್ದರೆ ಚಿತ್ರ 150 ನಿಮಿಷವಿರಬೇಕು. 4,000 ಮೀಟರ್ ಎಂದಿದ್ದರೆ ಸುಮಾರು 146 ನಿಮಿಷ. ಡಿಸ್ಕಿನ ಅವಧಿ ಇದಕ್ಕಿಂತ ಹತ್ತು ಹದಿನೈದು ನಿಮಿಷ ಕಡಿಮೆಯಿದ್ದರೆ ಹಾಡೋ ಹಾಸ್ಯದ ಭಾಗವೋ ಹಾರಿದೆ. ಆದರೆ ಪಾಲ್ ಡಿವಿಡಿಯ ಜೊತೆ ಹೋಲಿಸುವಾಗ ಎಚ್ಚರ: ಸೆಕೆಂಡಿಗೆ 24 ಚೌಕಗಳ (ಫ್ರೇಮುಗಳ) ಚಿತ್ರವನ್ನು ಅಲ್ಲಿ 25ರ ವೇಗದಲ್ಲಿ ಓಡಿಸುವುದರಿಂದ 120 ನಿಮಿಷದ ಚಿತ್ರ ಸುಮಾರು 115 ನಿಮಿಷಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ತುಸು ಮೇಲೇರುತ್ತದೆ. ಅದು ಕತ್ತರಿಯ ಕೆಲಸವಲ್ಲ. ಬ್ಲೂ-ರೇ ಚಿತ್ರವನ್ನು 24ರ ಮೂಲ ವೇಗದಲ್ಲೇ ಇಟ್ಟುಕೊಳ್ಳಬಲ್ಲುದು. ಸಂಗೀತ ಬಲ್ಲವರ ಕಿವಿಗೆ ಈ ಒಂದು ಕಾರಣವೇ ಸಾಕು.

3. ರೀಜನ್ ಕೋಡ್ ನೋಡದೆ ಹಣ ಕಟ್ಟಬೇಡಿ

ರೀಜನ್ ಕೋಡ್ ಎಂದರೆ ಒಂದು ವಲಯದಲ್ಲಿ ಮಾರಿದ ಡಿಸ್ಕು ಬೇರೆ ವಲಯದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗ. ಬ್ಲೂ-ರೇಯಲ್ಲಿ ಇಂಥ ವಲಯಗಳು ಮೂರು: ಅಮೆರಿಕ ಖಂಡಗಳು, ಜಪಾನ್, ಕೊರಿಯಾ ಮತ್ತು ಆಗ್ನೇಯ ಏಷ್ಯಾ ಸೇರಿ ‘ಎ’, ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ, ಆಸ್ಟ್ರೇಲಿಯಾ ಸೇರಿ ‘ಬಿ’, ಭಾರತ, ಚೀನಾ, ರಷ್ಯಾ ಸೇರಿ ‘ಸಿ’. ಡಿವಿಡಿಯ ವಲಯಗಳು ಬೇರೆಯೇ. ಅದರಲ್ಲಿ ಭಾರತಕ್ಕೆ 5. ಇಲ್ಲಿ ಅಧಿಕೃತವಾಗಿ ಮಾರುವ ಪ್ಲೇಯರ್ ‘ಸಿ’ ಡಿಸ್ಕನ್ನೂ ಬೀಗವಿಲ್ಲದ ಡಿಸ್ಕನ್ನೂ ಮಾತ್ರ ಓಡಿಸುತ್ತದೆ. ಅಮೆರಿಕದ ಕ್ರೈಟೀರಿಯನ್ ಡಿಸ್ಕುಗಳು ಸಾಮಾನ್ಯವಾಗಿ ‘ಎ’, ಬ್ರಿಟನ್ನಿನ ಬಿಎಫ್‌ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್) ಡಿಸ್ಕುಗಳು ಹೆಚ್ಚಾಗಿ ‘ಬಿ’. 2016ರಿಂದ ಕ್ರೈಟೀರಿಯನ್ ಬ್ರಿಟನ್ನಿನಲ್ಲಿಯೂ ಡಿಸ್ಕು ತರುತ್ತಿರುವುದರಿಂದ ಅದೇ ಹೆಸರಿನ, ನೋಡಲು ಅದೇ ಬಗೆಯ ಪೆಟ್ಟಿಗೆಯೊಳಗೆ ಎರಡು ಬೇರೆ ಬೀಗಗಳಿರಬಹುದು. ಹೊರಮೈಯಲ್ಲಿ ಮುದ್ರಿಸಿದ ಸಣ್ಣ ಚಿಹ್ನೆಯೊಳಗಿನ ಅಕ್ಷರವನ್ನು ಭೂತಗನ್ನಡಿ ಹಿಡಿದಾದರೂ ಓದಿ, ತರುವವರಿಗೆ ಅದರ ಫೋಟೋ ಕಳಿಸಲು ಹೇಳಿ.

4ಕೆ ಡಿಸ್ಕುಗಳಿಗೆ ಈ ಬೀಗವೇ ಇಲ್ಲ. ಹೊರಗಿನಿಂದ ತರಿಸುವವರಿಗೆ ಇದು ದೊಡ್ಡ ಸೌಕರ್ಯ. ಆದರೂ ಒಂದು ತೊಡಕು ಇದೆ: ಆ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಸಾಮಾನ್ಯ ಬ್ಲೂ-ರೇಗೆ ಬೀಗವಿರಬಹುದು, ಮತ್ತು ಸಂದರ್ಶನ, ಸಾಕ್ಷ್ಯಚಿತ್ರ ಮೊದಲಾದ ಹೆಚ್ಚುವರಿಗಳನ್ನು ಹೆಚ್ಚಾಗಿ ಅದರಲ್ಲೇ ಇಟ್ಟಿರುತ್ತಾರೆ.

4. ಪ್ಲೇಯರ್ ಆರಿಸಿಕೊಳ್ಳಿ

ಒಪ್ಪೋ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಪ್ಲೇಯರ್ ತಯಾರಿಕೆಯಿಂದ ಹಿಂದೆ ಸರಿದ ಮೇಲೆ ಆಯ್ಕೆ ಕುಗ್ಗಿದೆ. ಕಾಲಾಘೋಡಾದ ರಿದಮ್ ಹೌಸ್ ಅಂಗಡಿ 2016ರಲ್ಲಿ ಬಾಗಿಲು ಹಾಕಿದ ಮೇಲೆ ಡಿಸ್ಕನ್ನು ಕೈಯಲ್ಲಿ ತಿರುವಿ ನೋಡಿ ಕೊಳ್ಳುವ ಸುಖವೂ ಮುಂಬಯಿಗರಿಗೆ ಅಪರೂಪವಾಯಿತು. ಈಗ ಪ್ಲೇಯರಿಗಾಗಿ ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆಯನ್ನು, ಪುಣೆಯಲ್ಲಿ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯನ್ನು ಸುತ್ತಬೇಕು, ಇಲ್ಲವೆ ಆನ್‌ಲೈನಿನಲ್ಲಿ ಹುಡುಕಬೇಕು. ಮನೆಯಲ್ಲಿ ಮಕ್ಕಳ ಆಟದ ಯಂತ್ರವಿದ್ದರೆ ಮೊದಲು ಅದನ್ನು ನೋಡಿ: ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 4 ಬ್ಲೂ-ರೇಯನ್ನು, ಪ್ಲೇಸ್ಟೇಷನ್ 5 ಬ್ಲೂ-ರೇ ಮತ್ತು 4ಕೆ ಎರಡನ್ನೂ ಓಡಿಸುತ್ತವೆ. ರೀಜನ್ ಬೀಗ ಅವಕ್ಕೂ ಅನ್ವಯಿಸುತ್ತದೆ.

ಎಲ್ಲ ವಲಯಗಳ ಡಿಸ್ಕು ಓಡಿಸುವಂತೆ ಮಾರ್ಪಡಿಸಿದ ‘ಮಲ್ಟಿ-ರೀಜನ್’ ಪ್ಲೇಯರ್ ಕೊಳ್ಳುವುದಾದರೆ, ಡಿವಿಡಿಯ ಬೀಗ ಮಾತ್ರ ತೆರೆದಿದೆಯೋ ಬ್ಲೂ-ರೇಯದೂ ತೆರೆದಿದೆಯೋ ಎಂದು ಖಚಿತಪಡಿಸಿಕೊಳ್ಳಿ. ಅಂಗಡಿಯವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ‘ಎ’ ಡಿಸ್ಕೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಓಡಿಸಿ ನೋಡಿ. ಮಾರ್ಪಡಿಸಿದ ಯಂತ್ರಕ್ಕೆ ಕಂಪನಿಯ ವಾರಂಟಿ ಉಳಿಯುವುದು ಕಷ್ಟ, ಮತ್ತು ಇಂಟರ್ನೆಟ್ ಮೂಲಕ ತಂತ್ರಾಂಶ ನವೀಕರಿಸಿದರೆ ಕೆಲವೊಮ್ಮೆ ಬೀಗ ಮತ್ತೆ ಬೀಳುತ್ತದೆ.

ಅಮೆರಿಕದಿಂದ ಪ್ಲೇಯರನ್ನೇ ತರಿಸುವವರು ಹಿಂಬದಿಯ ಫಲಕ ಓದದೆ ಪ್ಲಗ್ ಹಾಕಬಾರದು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಫಲಕದಲ್ಲಿ ‘100-240’ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ‘120’ ಎಂದಷ್ಟೇ ಇದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್, ಅಂದರೆ ವೋಲ್ಟೇಜ್ ಇಳಿಸುವ ಪೆಟ್ಟಿಗೆ, ಬೇಕೇ ಬೇಕು. ಈ ಪಾಠವನ್ನು ನಾನು ಒಂದು ಪ್ಲೇಯರ್ ಸುಟ್ಟುಕೊಂಡು ಕಲಿತೆ. ಅಮೆರಿಕದ ಯಂತ್ರಗಳಿಗೆ ಇನ್ನೊಂದು ಕೊರತೆಯೂ ಇದೆ: ಬ್ರಿಟನ್ನಿನ ಡಿಸ್ಕುಗಳಲ್ಲಿ 50 ಹರ್ಟ್ಸ್ ಪದ್ಧತಿಯಲ್ಲಿರುವ ಹೆಚ್ಚುವರಿಗಳನ್ನು ಅವುಗಳಲ್ಲಿ ಹಲವು ತೋರಿಸುವುದಿಲ್ಲ.

5. ಕೊಂಡ ವಾರದಲ್ಲೇ ಪೂರ್ತಿ ಓಡಿಸಿ

ಒತ್ತಿ ತಯಾರಿಸಿದ ಅಸಲಿ ಡಿಸ್ಕಿಗೂ ಮನೆಯಲ್ಲಿ ಬರೆದ ನಕಲಿಗೂ ವ್ಯತ್ಯಾಸ ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಅಸಲಿಯ ನಡುವಿನ ಉಂಗುರದ ಸುತ್ತ ಕಾರ್ಖಾನೆಯ ಗುರುತಿನ ಅಕ್ಷರ, ಅಂಕಿಗಳು ಕೊರೆದಿರುತ್ತವೆ. ಅದರ ಅಡಿಭಾಗ ನಸುನೀಲಿ ಬೆರೆತ ಬೆಳ್ಳಿಯ ಬಣ್ಣದ್ದು. ಬರೆದ ಡಿಸ್ಕಿನ ಅಡಿಭಾಗ ಸಾಮಾನ್ಯವಾಗಿ ಅದಕ್ಕಿಂತ ಗಾಢ, ಮೇಲಿನ ಹೆಸರು ಮನೆಯ ಪ್ರಿಂಟರಿನಿಂದ ಬಂದಂತೆ ಒರಟು. ಡಿವಿಡಿಯ ಚಿತ್ರವನ್ನೇ ಹಿಗ್ಗಿಸಿ ಬ್ಲೂ-ರೇ ಎಂದು ಮಾರುವುದು ಇದಕ್ಕಿಂತ ನಯವಾದ ಮೋಸ. ಅದನ್ನು ಗುರುತಿಸಲು ದೂರದ ದೃಶ್ಯವೊಂದನ್ನು ನಿಲ್ಲಿಸಿ ನೋಡಿ: ಮರದ ಎಲೆಗಳು ಹಸಿರು ಮುದ್ದೆಯಾಗಿದ್ದರೆ, ಆಕೃತಿಗಳ ಸುತ್ತ ಬಿಳಿಯ ಗೆರೆ ಎದ್ದಿದ್ದರೆ, ಚಲಿಸುವ ಕೈ ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ, ಮೂಲ ಹಳೆಯ ವಿಡಿಯೋ ಟೇಪೇ ಹೊರತು ಫಿಲ್ಮಲ್ಲ.

ಹೊರದೇಶದಿಂದ ಅಂಚೆಯಲ್ಲಿ ತರಿಸಿದರೆ ಡಿಸ್ಕಿನ ಬೆಲೆಯ ಮೇಲೆ ಸುಂಕವೂ ಅದನ್ನು ಕಟ್ಟಿಸಿಕೊಡುವ ಕೊರಿಯರಿನವರ ಶುಲ್ಕವೂ ಬೀಳಬಹುದು. ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಡಿಸ್ಕು ಬಂದ ಮೇಲೆ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಮೊದಲಿನಿಂದ ಕೊನೆಯವರೆಗೆ ಓಡಿಸಿ. 25 ಜಿಬಿಯ ಎರಡು ಪದರಗಳಿರುವ ಡಿಸ್ಕಿನಲ್ಲಿ ಎರಡನೆಯ ಪದರದ ದೋಷ ವಿರಾಮದ ನಂತರವೇ ಕಾಣಿಸಿಕೊಳ್ಳುವುದುಂಟು.

6. ಟಿವಿಯ ‘ಸುಧಾರಣೆ’ಗಳನ್ನೆಲ್ಲ ನಿಲ್ಲಿಸಿ

ಟಿವಿ ಕಾರ್ಖಾನೆಯಿಂದ ಬರುವಾಗ ಅಂಗಡಿಯ ಕಣ್ಣು ಕೋರೈಸುವ ಬೆಳಕಿಗೆ ಹೊಂದಿಕೊಂಡಿರುತ್ತದೆ. ಪಿಕ್ಚರ್ ಮೋಡನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ, ಬಣ್ಣದ ತಾಪವನ್ನು ‘ವಾರ್ಮ್’ಗೆ ತನ್ನಿ, ಶಾರ್ಪ್‌ನೆಸ್ ತೀರ ಇಳಿಸಿ. ಮೋಷನ್ ಸ್ಮೂತಿಂಗ್ ಎಂಬುದನ್ನು ಖಂಡಿತ ನಿಲ್ಲಿಸಿ: ಎರಡು ಚೌಕಗಳ ನಡುವೆ ಟಿವಿ ತಾನೇ ಕಲ್ಪಿಸಿದ ಚೌಕಗಳನ್ನು ತುರುಕುವ ಈ ಸೌಲಭ್ಯದಿಂದ ರಾಜಕುಮಾರ್ ಅವರ ಚಿತ್ರವೂ ಸಂಜೆಯ ಧಾರಾವಾಹಿಯಂತೆ ಕಾಣತೊಡಗುತ್ತದೆ. ಪ್ಲೇಯರಿನಲ್ಲಿ ‘24ಪಿ’ (ಸೆಕೆಂಡಿಗೆ 24 ಚೌಕಗಳ) ಔಟ್‌ಪುಟ್ ಚಾಲೂ ಇರಲಿ. ಅಂಚು ಕತ್ತರಿಸುವ ಓವರ್‌ಸ್ಕ್ಯಾನ್ ಬೇಡ. ಆಕಾರವನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ‘ಒರಿಜಿನಲ್’ಗೆ ಇಡಿ.

ಹಳೆಯ ಚಿತ್ರದ ಧ್ವನಿ ಮೋನೋ, ಅಂದರೆ ಒಂದೇ ವಾಹಿನಿಯದು. ಡಿಸ್ಕಿನಲ್ಲಿ ಮೋನೋ ಮತ್ತು ಸುತ್ತಲಿನ ಸ್ಪೀಕರುಗಳಿಗೆ ಹಂಚಿದ 5.1 ಎರಡೂ ಇದ್ದರೆ ಮೋನೋ ಆಯ್ದುಕೊಳ್ಳಿ. ಹೊಸದಾಗಿ ಹಿಗ್ಗಿಸಿದ 5.1ರಲ್ಲಿ ತಬಲೆ ಹಿಂದಿನ ಗೋಡೆಯಿಂದ ಬಂದು ಹಾಡುಗಾರರು ಬಾವಿಯೊಳಗಿಂದ ಹಾಡಿದಂತೆ ಕೇಳಿಸುವುದನ್ನು ಹಲವು ಬಾರಿ ಅನುಭವಿಸಿದ್ದೇನೆ.

ಕೂರುವ ದೂರದ ಬಗ್ಗೆ ಹೇಳುವುದಾದರೆ, ಬ್ಲೂ-ರೇಯ ವಿವರ ಕಣ್ಣಿಗೆ ಪೂರ್ತಿ ದಕ್ಕಬೇಕಾದರೆ 43 ಇಂಚಿನ ಟಿವಿಯಿಂದ ಸುಮಾರು ಐದೂವರೆ ಅಡಿ, 55 ಇಂಚಿನದರಿಂದ ಏಳು ಅಡಿ ದೂರದೊಳಗಿರಬೇಕು. ಮುಂಬಯಿಯ ಇಕ್ಕಟ್ಟಾದ ಪಡಸಾಲೆಗಳಿಂದ ಆಗುವ ಲಾಭ ಇದೊಂದೇ ಇರಬೇಕು.

7. ಮಳೆಗಾಲಕ್ಕೆ ಮೊದಲು ಕಪಾಟು ಸಿದ್ಧಮಾಡಿ

ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ, ಡಿವಿಡಿಯಲ್ಲಿ 0.6. ಗಟ್ಟಿ ಲೇಪನವಿರುವುದರಿಂದ ಸಣ್ಣ ಗೀರು ತಡೆಯುತ್ತದೆಯಾದರೂ ಆಳದ ಗೀರನ್ನು ಉಜ್ಜಿ ಸರಿಪಡಿಸಲು ಬರುವುದಿಲ್ಲ, ಹಳೆಯ ಡಿವಿಡಿಗೆ ಮಾಡಿದಂತೆ ಪಾಲಿಶ್ ಹಾಕಿದರೆ ಡಿಸ್ಕು ಕೆಟ್ಟಂತೆಯೇ. ಬೆರಳಿನ ಗುರುತನ್ನು ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಪೆಟ್ಟಿಗೆಗಳನ್ನು ಪುಸ್ತಕದಂತೆ ನಿಲ್ಲಿಸಿಡಿ. ಸಮುದ್ರದ ಕಡೆಯ ಗೋಡೆಗೆ ತಾಗಿದ ಕಪಾಟು ಬೇಡ. ಜೂನ್ ಬಂದೊಡನೆ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ. ಮುಂಬಯಿಯಲ್ಲಿ ಡಿಸ್ಕಿಗಿಂತ ಮೊದಲು ಬೂಷ್ಟು ಹಿಡಿಯುವುದು ಒಳಗಿನ ಪುಸ್ತಿಕೆ. ಗಣೇಶ ಚತುರ್ಥಿಗೆಂದು ಮನೆ ಗುಡಿಸಿ ಒರೆಸುವ ದಿನ ಪೆಟ್ಟಿಗೆಗಳನ್ನು ತೆರೆದು ಗಾಳಿಯಾಡಿಸಿ, ಪೊಟ್ಟಣಗಳನ್ನು ಬದಲಿಸಿ.

ಸಂಘಸಂಸ್ಥೆಗಳ ಪದಾಧಿಕಾರಿಗಳು ಕೇಳುವ ಪ್ರಶ್ನೆಯೊಂದು ಉಳಿದಿದೆ. ಕೊಂಡ ಡಿಸ್ಕು ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಪ್ರವೇಶ ಉಚಿತವಾಗಿದ್ದರೂ ಸಭಾಗೃಹದಲ್ಲಿ ತೋರಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು. ಭಾರತದ ಕಾಯಿದೆಯಂತೆ ಚಲನಚಿತ್ರದ ಹಕ್ಕು ಅದು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ, ಕಥೆ ಮತ್ತು ಹಾಡುಗಳ ಹಕ್ಕು ಬೇರೆಯವರದಾಗಿ ಇನ್ನೂ ಉಳಿದಿರಬಹುದು. ಪತ್ರವನ್ನು ಪ್ರದರ್ಶನಕ್ಕೆ ಎರಡು ತಿಂಗಳ ಮೊದಲೇ ಬರೆಯಿರಿ, ಮತ್ತು ಅದರಲ್ಲಿ ದಿನಾಂಕ, ಸ್ಥಳ, ಆಸನಗಳ ಸಂಖ್ಯೆ, ಯಾವ ಡಿಸ್ಕಿನಿಂದ ತೋರಿಸುತ್ತೀರಿ ಎಂಬ ನಾಲ್ಕನ್ನೂ ತಪ್ಪದೆ ನಮೂದಿಸಿ.